ಪತ್ತೇದಾರನ ಸ್ನಾನ

ದಿಲ್‌ಸುಖ್‌ನಗರದ ಕಡೆ ಹೊರಟ ಮೆಟ್ರೊದಲ್ಲಿ, ಸುಹಾಸಿನಿ ಪಕ್ಕದಲ್ಲಿ ಕೂತ ತನ್ನ ಗಂಡ ಜಯತೀರ್ಥನ ವಿಚಾರಣೆ ನಡೆಸುತ್ತಿದ್ದಳು. ಜೊತೆಗೆ ಬಂದಿದ್ದ ಅವಳ ಅನುಮಾನಕ್ಕೆ ಟಿಕೆಟ್ ಬೇಕಿರಲಿಲ್ಲ.

"ಖರೇ ಹೇಳ್ರಿ. ದಿನಾ ಸಂಜಿಗೆ ಬಾಗಿಲಾ ಹಾಕ್ಕೋತೀರಿ, ಒಳಗಿಂದ ಹೆಣ್ಣಿನ ದನಿ ಕೇಳ್ತದ. ಯಾರಕಿ?"

"ದೆವ್ವ. ಅದು ವಿಡಿಯೊ ಗೇಮ್. ಉದ್ದ ಕೋಟಿನ ಪತ್ತೇದಾರ ನಾನು, ದೆವ್ವಗಳಿಗೆ ಗುಂಡು ಹೊಡೀತೀನಿ."

"ದೆವ್ವಕ್ಕ ಗುಂಡು ತಾಗ್ತದೇನು? ಸುಳ್ಳು! ಹೊರಗ ಬಂದ ಕೂಡ್ಲೆ ಸ್ನಾನ ಯಾಕ ಮತ್ತ?"

"ಗೇಮಿನಾಗ ಹೆಣಾ ಮುಟ್ಟಿ ಸುಳಿವು ಹುಡುಕಬೇಕು. ಸ್ನಾನ ಮಾಡದೇ ಊಟಕ್ಕ ಹ್ಯಾಂಗ ಕೂಡ್ಲಿ?"

"ಹಂಗಾದ್ರ ನಿನ್ನೆ ಯಾಕ ಮಾಡಲಿಲ್ಲ?"

"ನಿನ್ನೆ ಗೇಮಿನಾಗ ನಾನೇ ಸತ್ತೆ. ಸತ್ತಾಂವ ಸ್ನಾನ ಮಾಡ್ತಾನೇನು?"

ಸುಹಾಸಿನಿ ನಗುವನ್ನು ನುಂಗಿಕೊಂಡಳು, ಅನುಮಾನವನ್ನಲ್ಲ.

"ಇವತ್ತ ನಾನೂ ಒಳಗ ಕೂಡ್ತೀನಿ."

"ನಿನಗೂ ಸ್ನಾನ ಬೀಳ್ತದ, ನೋಡು."

"ಬೀಳ್ಲಿ. ಗೀಸರ್ ಹಾಕೇ ಕೂಡ್ತೀನಿ."

ಬಾಗಿಲು ತೆರೆಯಿತು. ಅವನ ತೋಳು ಹಿಡಿದುಕೊಂಡೇ ಇಳಿದಳು.