ಹಿಡಿಯ ಮೇಲಿನ ಗುಳಿ

ಲೀಜ್ ಊರಿನ ಬಸ್ಸಿನಲ್ಲಿ ಮುಂದಿನ ಸೀಟಿನ ಮುದುಕರಿಬ್ಬರ ಮಾತಿಗೆ ಜೋಸೆಟ್ ಕಿವಿಗೊಟ್ಟಳು.

“ಹಳೇ ಮಿಲಿಟರಿ ಪಿಸ್ತೂಲಿನ ಮರದ ಹಿಡಿಗೆ ಉಪ್ಪುಕಾಗದ ಉಜ್ಜಿದ್ಯಾ? ತಲೆ ಕೆಟ್ಟಿತ್ತೇನೋ ಗಿಲೆನ್!”

“ಹೊಸದರ ಹಾಗೆ ಕಾಣ್ಲಿ ಅಂತ, ಸೆರ್ವೇ.”

“ಹೊಸದು ಅಂಗಡೀಲಿ ಸಿಗಲ್ವಾ? ಯುದ್ಧದಲ್ಲಿ ಅದನ್ನ ಹಿಡಿದಿದ್ದ ಸಿಪಾಯಿಯ ಹೆಬ್ಬೆರಳು ಸವೆಸಿದ ಗುಳಿಗೇ ಕಣೋ, ಹಳೇದನ್ನ ಕೂಡಿಡೋ ನಾವೆಲ್ಲ ಆಸೆಪಟ್ಟು ಸಾಯೋದು!”

“ಬೆಳಗ್ಗೆ ನೋಡ್ದೆ. ಗುಳಿ ಮತ್ತೆ ಬಂದಿತ್ತು.”

“ನಿನ್ನ ಬೆರಳದ್ದೇ ಇರ್ಬೇಕು.”

“ಅದು ಎಡಗೈ ಹೆಬ್ಬೆರಳದ್ದು ಮಾರಾಯ. ನಾನು ಬಲಗೈಯವನು. ಬೀರುಗೆ ಬೀಗ ಬೇರೆ ಹಾಕಿದ್ದೆ.”

ಸೆರ್ವೇ ಅವನತ್ತ ವಾಲಿದ.

“ನಂಗೆ ಕೊಟ್ಬಿಡು.”

“ಆ ಸಿಪಾಯೀನ ಒಂದು ಮಾತು ಕೇಳಿ ಹೇಳ್ತೀನಿ.”

ಬಸ್ಸು ನಿಂತಿತು. ಸೆರ್ವೇ ಇಳಿದುಹೋದ. ಹಿಂದೆ ಯಾರೂ ಇರದಿದ್ದರೂ ಗಿಲೆನ್ ಬಾಗಿಲಲ್ಲಿ ಪಕ್ಕಕ್ಕೆ ಸರಿದು, ಇನ್ನೊಬ್ಬರು ಇಳಿಯುವಷ್ಟು ಹೊತ್ತು ಕಾದು, ಆಮೇಲೆ ತಾನು ಇಳಿದ.