ಬೈಸಿಕೊಂಡ ಊರುಗೋಲು

ಬನ್ನಿ, ಹತ್ರ ಬನ್ನಿ. ದೂರ ಕೂತವರಿಗೆ ಅರ್ಧ ಕಥೇನೇ ಕೇಳಿಸೋದು, ಆಮೇಲೆ ನನ್ನ ಬೈಬೇಡಿ. ಸೂರ್ಯ ನಮಗಿಂತ ಮೊದಲು ಹುಟ್ಟೋ ಜಪಾನ್ ಅನ್ನೋ ಸೀಮೇಲಿ, ಒಂದಾನೊಂದು ಕಾಲದಲ್ಲಿ, ಒತಾನೆ ಅಂತ ಒಬ್ಬ ಅಜ್ಜಿ ಇದ್ಲು. ಸೋಯಾ ಕಾಳು ರುಬ್ಬಿ ತೋಫು ಮಾಡಿ ಮಾರೋಳು. ಕೈ ನಿಂತ್ರೂ ಬಾಯಿ ನಿಲ್ತಿರಲಿಲ್ಲ. ಯಾರನ್ನ ಬೈತಿದ್ಲು? ಇನ್ಯಾರನ್ನ, ಗಂಡನ್ನ. ನಲವತ್ತು ವರ್ಷ ಅವಳು ಬೈದ್ಲು, ನಲವತ್ತು ವರ್ಷ ಗಂಡ ಗೆಂಪಾಚಿ ನಗ್ತಾ ಕೇಳಿಸ್ಕೊಂಡ.

ಒಂದು ದಿನ ಅವನು ತೀರಿಕೊಂಡ. ಹೋಗೋವಾಗ ಒಂದೇ ಆಸೆ ಹೇಳಿದ, ತನ್ನ ಒಂದು ಎಳೆ ಕೂದಲನ್ನಾದ್ರೂ ಬುದ್ಧನ ಬೆಟ್ಟಕ್ಕೆ ಸೇರಿಸಬೇಕು ಅಂತ. ಅಜ್ಜಿ ಮಾತು ಕೊಟ್ಲು. ಆ ಬೆಟ್ಟದ ಮೇಲೆ ಮಹಾಗುರು ಒಬ್ಬರು ನೂರಾರು ವರ್ಷದಿಂದ ಧ್ಯಾನಕ್ಕೆ ಕೂತಿದ್ದಾರಂತೆ. ಅವರ ಹತ್ರ ಇಟ್ರೆ ಸತ್ತವರಿಗೆ ನೆಮ್ಮದಿ ಅಂತ ಜನ ನಂಬಿದ್ರು.

ಅಜ್ಜಿ ಕೂದಲನ್ನ ಬಟ್ಟೇಲಿ ಗಂಟು ಹಾಕಿ ಊರುಗೋಲಿನ ತುದಿಗೆ ಕಟ್ಟಿದ್ಲು. ಕಟ್ಟಿದ್ದೇ ತಡ, ಅವಳ ಪಾಲಿಗೆ ಕೋಲೇ ಗಂಡ ಆಗೋಯ್ತು. ಮೊದಲನೇ ದಿನ, "ರೀ, ನೆಟ್ಟಗೆ ನಡೀರಿ." ಎರಡನೇ ದಿನ, "ರೀ, ಬಾವಿ ತನಕ ಬರದೋರು ಬೆಟ್ಟಕ್ಕೆ ಬಂದ್ರಾ?" ಮೂರನೇ ದಿನ ಕೋಲು ಕೆಸರಲ್ಲಿ ಸಿಕ್ಕೊಳ್ತು. "ರೀ, ಸತ್ತ ಮೇಲೂ ಸೋಮಾರಿತನ ಬಿಡಲಿಲ್ವಲ್ರಿ."

ಕೇಳಿ, ಅಲ್ಲೊಂದು ಪದ್ಧತಿ. ಸಂಜೆ ಛತ್ರ ಸೇರಿದ ತಕ್ಷಣ ಯಾತ್ರಿಕರು ಮೊದಲು ಕೋಲಿನ ಬುಡ ತೊಳೀತಾರೆ, ಆಮೇಲೆ ತಮ್ಮ ಕಾಲು. ಅಜ್ಜಿ ನೋಡಿದ್ಲು. ಪಾಪ, ಇವರೆಲ್ಲರೂ ಗಂಡನ್ನೋ ಹೆಂಡ್ತೀನೋ ಕಳ್ಕೊಂಡವರೇ ಇರಬೇಕು ಅಂತ ಮರುಗಿದ್ಲು. ತಾನೂ ಬಿಸಿನೀರು ಕೇಳಿ ತೊಳೆದ್ಲು, ತನ್ನ ಬಟ್ಟೆ ಅಂಚಲ್ಲೇ ಒರೆಸಿದ್ಲು. ಬೈಕೊಂಡೇ ಮಾಡಿದ್ಲು ಅನ್ನಿ.

ಬೆಟ್ಟದ ಮೇಲೆ ಒಂದು ಸೇತುವೆ. ಅದನ್ನ ದಾಟಿದ್ರೇನೇ ಮಹಾಗುರುವಿನ ಜಾಗ. ಅಲ್ಲಿದ್ದ ಮುದಿ ಭಿಕ್ಷುವಿಗೆ ಅಜ್ಜಿ ಕೋಲನ್ನ ಬೈಯೋ ದನಿ ಕೆಳಗಿಂದಲೇ ಕೇಳಿಸಿತ್ತು. ಅವಳನ್ನ ತಡೆದ. "ಅಮ್ಮಾ, ಯಾತ್ರಿಕರ ಕೈಲಿರೋ ಕೋಲು ಅಂದ್ರೆ ಸಾಕ್ಷಾತ್ ಮಹಾಗುರು, ಅವರೇ ಕೋಲಾಗಿ ಜೊತೇಲಿ ನಡೀತಾರೆ. ಅದಕ್ಕೇ ಎಲ್ಲರೂ ಅದರ ಬುಡ ತೊಳೆಯೋದು. ಅವರನ್ನ ಬೈದವರು ಸೇತುವೆ ದಾಟೋ ಹಾಗಿಲ್ಲ."

ಗಂಡನಿಗೆ ಕೊಟ್ಟ ಮಾತು ಇಷ್ಟು ಹತ್ರ ಬಂದು ನೀರುಪಾಲಾಗಬೇಕಾ? ಅಜ್ಜಿ ಕೋಲಿನ ಮುಂದೆ ಮಂಡಿಯೂರಿದ್ಲು.

"ಸ್ವಾಮಿ, ಅದು ನಿಮಗಲ್ಲ, ನಮ್ಮ ಯಜಮಾನರಿಗೆ. ಮನೇಲಿ ಸದ್ದೇ ಇಲ್ಲ ಈಗ. ಬೈದ್ರೆ ಅವರು ಇದ್ದ ಹಾಗಿರುತ್ತೆ. ನಾನು ದಾಟದಿದ್ರೂ ಪರವಾಗಿಲ್ಲ, ಈ ಗಂಟನ್ನ ದಾಟಿಸಿ. ಹಾಗೇ ಆ ಬೈಗುಳಾನೂ ಅವರಿಗೆ ತಲುಪಿಸಿಬಿಡಿ."

ಭಿಕ್ಷು ಬಗ್ಗಿ ಕೋಲಿನ ಬುಡ ನೋಡಿದ. ತೊಳೆದು ತೊಳೆದು ಬೆಳ್ಳಗಾಗಿತ್ತು. ಅವನಿಗೆ ನಗು ತಡೆಯಲಾಗಲಿಲ್ಲ. "ಮಹಾಗುರುಗಳಿಗೆ ಬೇಜಾರಾಗಿದ್ರೆ ಇಷ್ಟು ದೂರ ನಿನ್ನ ಜೊತೆ ಬರ್ತಿದ್ರಾ? ಹೋಗಮ್ಮಾ, ನೀನೇ ಇಟ್ಟು ಬಾ."

ಇಟ್ಟು ಬಂದ್ಲು. ಇಳಿಯೋವಾಗ ಕೋಲಿನ ತುದೀಲಿ ಗಂಟಿಲ್ಲ. ಅಜ್ಜಿ ಒಂದು ತಿರುವು ಸುಮ್ಮನೆ ಇಳಿದ್ಲು, ಎರಡು ತಿರುವು ಸುಮ್ಮನೆ ಇಳಿದ್ಲು. ಮೂರನೇ ತಿರುವಲ್ಲಿ ಕೋಲು ಪಾಚಿ ಮೇಲೆ ಜಾರ್ತು. ಅಜ್ಜಿ ನಿಂತ್ಲು. ಹಿಂದೆ ನೋಡಿದ್ಲು, ಮುಂದೆ ನೋಡಿದ್ಲು, ಯಾರೂ ಇಲ್ಲ.

"ಏನ್ ಸ್ವಾಮಿ, ಕೂತೂ ಕೂತೂ ನಡೆಯೋದೇ ಮರೆತ್ರಾ? ನೆಟ್ಟಗೆ ನಡೀರಿ. ಸಂಜೆ ಕಾಲು ತೊಳೆಯೋಳು ನಾನು."

ಮಹಾಗುರು ಬೈಸ್ಕೊಳ್ತಾ ಅವಳ ಮನೆ ತನಕ ಬಂದ್ರಂತೆ. ಅವರ ದಾರಿ ಅವರಿಗೆ, ನಮ್ಮ ಚಾಪೆ ನಮಗೆ. ಏಳಿ, ಕಾಲು ತೊಳ್ಕೊಂಡು ಮಲಗಿ.