ಬಿಟ್ಟುಹೋದ ನಾಲ್ಕು ಸಾಲು

ಸಭೆಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಐದು ದಿನ ಈ ಕಮ್ಮಟದಲ್ಲಿ ಬರೆದು, ಹರಿದು, ಮತ್ತೆ ಬರೆದ ಎಳೆಯ ಬರಹಗಾರರೇ, ಅವರನ್ನು ಕರೆದೊಯ್ಯಲು ಬಂದು ನನ್ನ ಮಾತಿಗೂ ಸಿಕ್ಕಿಬಿದ್ದಿರುವ ತಂದೆತಾಯಿಯರೇ, ಸಭಿಕರೇ,

ನಿನ್ನೆ ನಿಮ್ಮ ಹಸ್ತಪ್ರತಿಗಳು ತಿದ್ದುಗುರುತುಗಳೊಂದಿಗೆ ವಾಪಸ್ಸು ಬಂದವು. ಊಟದ ಹೊತ್ತಿನಲ್ಲಿ ನಿಮ್ಮ ಮುಖಗಳನ್ನು ನೋಡಿದೆ. ಒಬ್ಬ ಹುಡುಗಿ ತನ್ನ ಕಥೆಯನ್ನು ಮಡಚಿ ತಟ್ಟೆಯ ಕೆಳಗೆ ಇಟ್ಟುಕೊಂಡಿದ್ದಳು. ಬರಹಗಾರರಿಗೆ ವಿನಯ ಎಂದರೇನು? ತಟ್ಟೆಯ ಕೆಳಗಿನ ಆ ಕಾಗದವನ್ನು ಬಿಡಿಸಿ ಇನ್ನೊಮ್ಮೆ ಓದುವುದು. ಅಭ್ಯಾಸ ಎಂದರೇನು? ಓದಿದ ಮೇಲೆ ಇನ್ನೊಮ್ಮೆ ಬರೆಯುವುದು. ಹೇಳುವುದು ಸುಲಭ.

ಮಾನ್ಯ ಅಧ್ಯಕ್ಷರು ನನ್ನನ್ನು ಪರಿಚಯಿಸುತ್ತ, ಅಪ್ಪ ತೀರಿಕೊಂಡ ಮೇಲೆ ನಾನು ಬರೆದ ಕವಿತೆಯನ್ನು ನೆನೆದರು. ‘ಎಲ್ಲಿ ನಿಲ್ಲಬೇಕೆಂದು ಬಲ್ಲ ಕವಯಿತ್ರಿ’ ಎಂದರು. ಇಪ್ಪತ್ತಮೂರು ವರ್ಷಗಳಿಂದ ಈ ಮಾತು ಕೇಳುತ್ತಿದ್ದೇನೆ. ಅದರ ಬಗ್ಗೆ ಇಂದು ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕೆಂದು ಬರೆದಿದ್ದೆ. ಅದು ಮೂರನೆಯ ಪುಟದಲ್ಲಿ…

ಕ್ಷಮಿಸಿ, ಒಂದು ನಿಮಿಷ. ಎರಡನೆಯ ಪುಟ ಮುಗಿದು ನೇರವಾಗಿ ವಂದನೆಗೆ ಬಂದುಬಿಟ್ಟಿದೆ. ನಡುವಿನದು ಇಲ್ಲ.

ಇರಲಿ, ಬಾಯಲ್ಲೇ ಹೇಳುತ್ತೇನೆ. ಯಾಕಿಲ್ಲ ಎಂಬುದು ನನಗೆ ಗೊತ್ತು.

ಎಂ.ಎ. ಓದುವಾಗ ನಾನು ನ್ಯಾಯಾಲಯದ ಹಿಂದಿನ ಓಣಿಯ ಅಂಗಡಿಯೊಂದರಲ್ಲಿ ಕವಿತೆಗಳನ್ನು ಟೈಪ್ ಮಾಡಿಸುತ್ತಿದ್ದೆ. ಎರಡು ಯಂತ್ರ, ಕಾರ್ಬನ್ ಹಾಳೆಯ ವಾಸನೆ, ಬೆಂಚಿನ ಮೇಲೆ ಸರದಿ ಕಾಯುವ ಕಕ್ಷಿದಾರರು. ಟೈಪ್ ಮಾಡುವವರನ್ನು ವಕೀಲರಿಂದ ಹಿಡಿದು ಎಲ್ಲರೂ ಅಕ್ಕ ಎನ್ನುತ್ತಿದ್ದರು. ನಾನೂ ಅಕ್ಕ ಎಂದೆ.

ಗೀಚಿದ ಪ್ರತಿಯನ್ನು ಅಕ್ಕ ಮುಟ್ಟುತ್ತಿರಲಿಲ್ಲ. “ಇದೇನು ಕೋಳಿ ಕೆದಕಿದ ಹಾಗಿದೆ? ಚೊಕ್ಕ ಬರ್ಕೊಂಡು ಬಾ.” ಚೊಕ್ಕ ಬರೆಯುವಾಗ ಹತ್ತು ಪದ ತಾವಾಗಿಯೇ ಉದುರುತ್ತಿದ್ದವು. ಅಷ್ಟಾದರೂ ಟೈಪಾಗಿ ಬಂದ ಕವಿತೆಯಲ್ಲಿ ಒಂದೋ ಎರಡೋ ಸಾಲು ಕಾಣೆ.

“ಅಕ್ಕಾ, ಇಲ್ಲೊಂದು ಸಾಲು ಬಿಟ್ಟಿದೀರಿ.”

“ಹೌದಾ? ಕಣ್ಣು ತಪ್ಪಿರಬೇಕು. ಮನೆಗೆ ಹೋಗಿ ಓದಿ ನೋಡು. ಬೇಕು ಅನ್ನಿಸಿದ್ರೆ ಬಾ, ಸೇರಿಸ್ಕೊಡ್ತೀನಿ.”

ಓದಿ ನೋಡಿದರೆ ಬೇಕು ಅನ್ನಿಸುತ್ತಿರಲಿಲ್ಲ. ಆದರೂ ಅದು ಕಣ್ತಪ್ಪು ಎಂದೇ ನಂಬಿದ್ದೆ. ಒಂದು ದಿನ ಬೆಂಚಿನ ಮೇಲಿದ್ದ ವಕೀಲರು, “ಹದಿನೆಂಟು ವರ್ಷ ಆಯ್ತು, ಈಯಮ್ಮನ ಕೈಯಲ್ಲಿ ಒಂದಕ್ಷರ ತಪ್ಪಿದ್ದು ನಾನು ಕಂಡಿಲ್ಲ” ಎಂದರು. ಅಕ್ಕ ಯಂತ್ರಕ್ಕೆ ಹೊಸ ಹಾಳೆ ಸೇರಿಸಿದರು.

ಅಪ್ಪನ ಕವಿತೆಯನ್ನು ಸ್ಪರ್ಧೆಗೆ ಕಳಿಸುವ ಕೊನೆಯ ದಿನ, ಟೈಪಾದ ಪ್ರತಿಯನ್ನು ನೋಡದೆ ಅಂಚೆಗೆ ಹಾಕಿದೆ. ಮನೆಗೆ ಬಂದು ಕಾರ್ಬನ್ ಪ್ರತಿ ತೆರೆದರೆ ಕೊನೆಯ ನಾಲ್ಕು ಸಾಲು ಇಲ್ಲ. ದೀಪ, ಕತ್ತಲೆ, ಶೂನ್ಯ, ಮೂರನ್ನೂ ಆ ನಾಲ್ಕು ಸಾಲಿನಲ್ಲಿ ಕೂರಿಸಿದ್ದೆ. ಜಗಳಕ್ಕೆ ಓಡಿದೆ.

“ನನ್ನ ಕವಿತೇನೇ ನುಂಗಿಬಿಟ್ರಲ್ಲ ಅಕ್ಕಾ.”

“ಕವಿತೇಲಿ ಅಪ್ಪನ ಕನ್ನಡಕ ಒರೆಸಿ ಡಬ್ಬೀಲಿ ಇಟ್ಟೆಯಲ್ಲ, ಆಮೇಲೂ ಅಲ್ಲೇ ನಿಂತು ಏನು ಮಾತಾಡ್ತಿದ್ದೆ? ನಂಗೆ ಅಲ್ಲಿಂದ ಮುಂದಕ್ಕೆ ಕೈ ಓಡಲಿಲ್ಲ ಕಣೇ.”

ಕವಿತೆಗೆ ಮೊದಲ ಬಹುಮಾನ ಬಂತು. ತೀರ್ಪುಗಾರರು ಹೊಗಳಿದ್ದು ಅದು ನಿಂತ ಜಾಗವನ್ನೇ. ಆ ಅಂತ್ಯ ಹೇಗೆ ಹೊಳೆಯಿತು ಎಂದು ಕೇಳಿದ ಸಂದರ್ಶಕರಿಗೆ ‘ಬಹಳ ದಿನ ಧ್ಯಾನಿಸಿದೆ’ ಎಂದೆ. ಧ್ಯಾನಿಸಿದ್ದು ನಿಜ, ಆ ನಾಲ್ಕು ಸಾಲನ್ನು ಮತ್ತೆ ತುರುಕುವುದು ಹೇಗೆಂದು.

ಆಮೇಲೆ ಎರಡು ವರ್ಷ ನಾನು ಆ ಓಣಿಯಲ್ಲಿ ನಡೆಯಲಿಲ್ಲ. ಬೇರೆ ಕಡೆ ಟೈಪ್ ಮಾಡಿಸಿದೆ. ಅಲ್ಲಿ ಒಂದು ಸಾಲನ್ನೂ ಬಿಡುತ್ತಿರಲಿಲ್ಲ. ಆ ಎರಡು ವರ್ಷದ ಕವಿತೆಗಳನ್ನು ಇಂದು ಯಾರೂ ನೆನೆಯುವುದಿಲ್ಲ, ಅಧ್ಯಕ್ಷರೂ ನೆನೆಯಲಿಲ್ಲ. ಕೊನೆಗೊಮ್ಮೆ ಮತ್ತೆ ಆ ಬಾಗಿಲಲ್ಲಿ ನಿಂತಾಗ ಅಕ್ಕ ಕೇಳಿದ್ದು ಒಂದೇ: “ಚೊಕ್ಕ ಬರ್ಕೊಂಡು ತಂದಿದೀಯ ತಾನೇ?”

ಬಹುಮಾನದ ಮಾತನ್ನು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಯಾವ ಪುಸ್ತಕದಲ್ಲೂ ಅವರ ಬಗ್ಗೆ ಒಂದಕ್ಷರವಿಲ್ಲ.

ಈ ಭಾಷಣವನ್ನು ಟೈಪ್ ಮಾಡಿದವರೂ ಅವರೇ, ಈಗ ಕಂಪ್ಯೂಟರಿನಲ್ಲಿ. ಮೂರನೆಯ ಪುಟದ ತುಂಬ ಅವರೇ ಇದ್ದರು. ತಮ್ಮನ್ನೇ ಬಿಟ್ಟುಬಿಟ್ಟಿದ್ದಾರೆ.

ಎಳೆಯರೇ, ಯಾರಾದರೂ ನಿಮ್ಮ ಸಾಲನ್ನು ಹೊಡೆದು ಹಾಕಿದರೆ ಮನೆಗೆ ಹೋಗಿ ಓದಿ ನೋಡಿ. ಹತ್ತರಲ್ಲಿ ಒಂಬತ್ತು ಸಲ ಅವರು ಸರಿ ಇರುತ್ತಾರೆ. ಹತ್ತನೆಯ ಸಲ ವಾಪಸ್ಸು ಹೋಗಿ ಕೇಳುವುದನ್ನೂ ಕಲಿಯಬೇಕು, ನಾನು ಕಲಿತಿಲ್ಲ. ಈ ಭಾಷಣ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗುತ್ತದೆ ಎಂದು ಕಾರ್ಯದರ್ಶಿಗಳು ಹೇಳಿದ್ದಾರೆ.

ಅಕ್ಕಾ, ಸಭೆಯ ಕೊನೆಯ ಸಾಲಿನಲ್ಲಿ, ಫ್ಯಾನಿನ ಕೆಳಗೆ ಕೂತಿದ್ದೀರಿ. ಆ ಪುಟವನ್ನು ಈಗ ಎಲ್ಲರೆದುರು ಬಾಯಲ್ಲೇ ಓದಿ ನೋಡಿದೆ. ಬೇಕು ಅನ್ನಿಸಿತು. ಸೇರಿಸಿಕೊಡಿ.

ಕರೆದವರಿಗೆ, ಕೇಳಿದವರಿಗೆ, ತಿದ್ದಿದವರಿಗೆ ಕೃತಜ್ಞತೆಗಳು. ನಮಸ್ಕಾರ.